ಯುದ್ಧಕಾಲೇ ಶಸ್ತ್ರಾಭ್ಯಾಸ

'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ಹುಡುಗನನ್ನೂ, ಮಳೆ ಹಿಡಿದ ಮೇಲೆ ಹಂಚು ಸರಿಪಡಿಸಲು ಏಣಿ ಹುಡುಕುವ ಯಜಮಾನನನ್ನೂ ಈ ಮಾತಿನಿಂದಲೇ ಹಂಗಿಸುತ್ತೇವೆ. ಶತ್ರು ಬಾಗಿಲಿಗೆ ಬಂದ ಮೇಲೆ ಕತ್ತಿ ಹಿಡಿಯಲು ಕಲಿಯತೊಡಗಿದವನು ಗೆಲ್ಲುವುದುಂಟೆ? ಮಾತು ನಿಜವೇ. ಆದರೆ ಪೂರ್ತಿ ನಿಜವಲ್ಲವೆಂದು ನನ್ನ ಅಭಿಪ್ರಾಯ. ಶಸ್ತ್ರವನ್ನು ಮೊದಲೇ ಸಿದ್ಧಪಡಿಸಿಕೊಳ್ಳಬಹುದು. ಶತ್ರುವನ್ನು ಮಾತ್ರ ಯುದ್ಧದಲ್ಲಿಯೇ ಕಲಿಯಬೇಕಾಗುತ್ತದೆ. ಈ ಎರಡು ಬಗೆಯ ಕಲಿಕೆಗಳ ವ್ಯತ್ಯಾಸವನ್ನು ನಾನು ಕಂಡ ಮಟ್ಟಿಗೆ ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಡುವುದು ಯಾವ ನೀತಿಗ್ರಂಥವೂ ಅಲ್ಲ, ಒಂದು ವಿಡಿಯೊ ಆಟ.

ಆ ಆಟದ ಹೆಸರು 'ಎಲ್ಡನ್ ರಿಂಗ್'. ಜಪಾನಿನ ಟೋಕಿಯೊ ನಗರದ ಫ್ರಮ್‌ಸಾಫ್ಟ್‌ವೇರ್ ಎಂಬ ಸಂಸ್ಥೆ ರಚಿಸಿದ ಈ ಆಟ 2022ನೆಯ ಇಸವಿ ಫೆಬ್ರವರಿ 25ರಂದು ಹೊರಬಂದಿತು. ಹಿಡೆಟಾಕ ಮಿಯಾಜಾಕಿ ಅದರ ನಿರ್ದೇಶಕರು. ಆಟಕ್ಕೆ ಹಿನ್ನೆಲೆಯಾದ ಪುರಾಣವನ್ನು ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದುಕೊಟ್ಟರು. 2025ರ ವೇಳೆಗೆ ಅದರ 3 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಆಡುವವನು ಒಂದು ಪಾತ್ರವನ್ನು ಧರಿಸಿ, ವಿಶಾಲವಾದ ನಾಡೊಂದರಲ್ಲಿ ಅಲೆಯುತ್ತ, ಹೋರಾಡುತ್ತ, ಸ್ವಲ್ಪ ಸ್ವಲ್ಪವಾಗಿ ಬಲ ಗಳಿಸಿಕೊಳ್ಳುವ ಬಗೆಯ ಆಟ ಅದು. ದಾರಿಯ ಮುಖ್ಯ ಸ್ಥಳಗಳಲ್ಲಿ ಬಲಿಷ್ಠನಾದ ವೈರಿಯೊಬ್ಬ ಕಾದಿರುತ್ತಾನೆ. ಆಟಗಾರರು ಅವನನ್ನು 'ಬಾಸ್' ಎಂದು ಕರೆಯುತ್ತಾರೆ. ಈ ಆಟವನ್ನು ಯುರೋಪಿನಲ್ಲಿ 16, ಅಮೆರಿಕದಲ್ಲಿ 17 ವರ್ಷ ತುಂಬಿದವರಿಗೆಂದು ಗೊತ್ತುಮಾಡಿದ್ದಾರೆ. ಆದುದರಿಂದ ನಿಮ್ಮಲ್ಲಿ ಅನೇಕರು ಇನ್ನೂ ಕಾಯಬೇಕಾದೀತು. ಕಾಯುವುದೂ ಈ ಪಾಠಕ್ಕೆ ಹೊರಗಿನ ವಿಷಯವೇನಲ್ಲ.

ಆಟ ಮೊದಲಾಗುವುದು ಲಿಮ್‌ಗ್ರೇವ್ ಎಂಬ ಹಸುರು ಸೀಮೆಯಲ್ಲಿ. ಅಲ್ಲಲ್ಲಿ ದಣಿವಾರಿಸಿಕೊಳ್ಳುವ ತಾಣಗಳಿವೆ. ಅಲ್ಲಿಂದ ಚಿನ್ನದ ಎಳೆಯಂಥ ಬೆಳಕೊಂದು ಹೊರಟು ಮುಂದಿನ ದಿಕ್ಕನ್ನು ತೋರಿಸುತ್ತದೆ. ಹೊಸಬನು ಆ ಬೆಳಕನ್ನೇ ನಂಬಿ ನಡೆಯುತ್ತಾನೆ. ಬೆಳಕು ಅವನನ್ನು ಬೆಟ್ಟದ ಮೇಲಿನ ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಿಗೆ ಕರೆದೊಯ್ಯುತ್ತದೆ. ಅಲ್ಲಿ ಮಾರ್ಗಿಟ್ ಕಾದಿರುತ್ತಾನೆ: ಮೈಯೆಲ್ಲ ಕೊಂಬು, ಹಿಂದೆ ಉದ್ದನೆಯ ಬಾಲ, ಕೈಯಲ್ಲಿ ಸೊಟ್ಟಗಿನ ದೊಣ್ಣೆ. ಅವನು ಬಂದವನ ಮಹತ್ತ್ವಾಕಾಂಕ್ಷೆಯನ್ನು ಹೀಯಾಳಿಸಿ, ನಾಲ್ಕಾರು ಪೆಟ್ಟುಗಳಲ್ಲಿ ನೆಲಕ್ಕೊರಗಿಸುತ್ತಾನೆ. ಬೆಳಕು ದಿಕ್ಕನ್ನು ತೋರಿಸಿತ್ತೇ ಹೊರತು ಹೊತ್ತನ್ನು ಹೇಳಿರಲಿಲ್ಲ!

ಸತ್ತವನು ಗಳಿಸಿಟ್ಟಿದ್ದ 'ರೂನ್' ಎಂಬ ಸಂಪತ್ತು ಬಿದ್ದ ಜಾಗದಲ್ಲಿಯೇ ಉಳಿಯುತ್ತದೆ. ಆತ ಮತ್ತೆ ಜೀವ ತಳೆದು ಹೋಗಿ ಅದನ್ನು ಎತ್ತಿಕೊಳ್ಳಬಹುದು. ಎತ್ತಿಕೊಳ್ಳುವ ಮೊದಲೇ ಇನ್ನೊಮ್ಮೆ ಸತ್ತರೆ ಅದು ಶಾಶ್ವತವಾಗಿ ಹೋದಂತೆಯೇ. ಮತ್ತೆ ಜೀವ ತಳೆಯುವ ತಾಣವಾದರೋ ಕೋಟೆಯ ಬಾಗಿಲಿಗೆ ತೀರ ಹತ್ತಿರ. ಈ ಸಾಮೀಪ್ಯವೇ ಮೊದಲ ಅಪಾಯ. ಸೋತವನು ಎದ್ದ ಕೂಡಲೇ ಓಡುತ್ತಾನೆ, ಅದೇ ಪೆಟ್ಟನ್ನು ತಿಂದು ಅದೇ ರೀತಿ ಬೀಳುತ್ತಾನೆ, ಮತ್ತೆ ಓಡುತ್ತಾನೆ. ಇದಕ್ಕೆ ಛಲವೆಂದು ಹೆಸರಿಡುವವರುಂಟು. ಛಲ ದೊಡ್ಡ ಗುಣ. ಅದನ್ನು ಇಷ್ಟು ಅಗ್ಗವಾಗಿ ಹಂಚಬಾರದು. ಹತ್ತು ಸಲ ಒಂದೇ ಬಗೆಯಲ್ಲಿ ಸೋತವನು ಒಮ್ಮೆ ಸೋತು ಒಂಬತ್ತು ಸಲ ಅದನ್ನೇ ನಕಲು ಮಾಡಿದವನು, ಅಷ್ಟೆ.

ಈ ಆಟದಲ್ಲಿ ಸುಲಭ, ಕಠಿಣ ಎಂಬ ಮಟ್ಟಗಳನ್ನು ಮೊದಲೇ ಆರಿಸಿಕೊಳ್ಳುವ ಏರ್ಪಾಡಿಲ್ಲ. ಕಷ್ಟವನ್ನು ಕಡಿಮೆ ಮಾಡಿಕೊಳ್ಳುವ ಸಾಧನಗಳನ್ನು ನಾಡಿನ ಉದ್ದಗಲಕ್ಕೂ ಹರಡಿಟ್ಟಿದ್ದಾರೆ; ಅವು ಬೇಕಾದರೆ ಕೋಟೆಗೆ ಬೆನ್ನು ಹಾಕಿ ನಡೆಯಬೇಕು. ಬೆನ್ನು ಹಾಕುವುದು ಹೇಡಿತನವೆಂದು ಭಾವಿಸಿದವನಿಗೆ ಅವುಗಳಲ್ಲಿ ಒಂದೂ ದಕ್ಕುವುದಿಲ್ಲ. ದಕ್ಷಿಣಕ್ಕೆ ಹೋದರೆ, ಸದಾ ಮಳೆ ಜಿನುಗುವ ಪರ್ಯಾಯದ್ವೀಪವೊಂದಿದೆ. ಅಲ್ಲಿಯ ಮೂರು ಪಾಳುಬಿದ್ದ ಇಗರ್ಜಿಗಳಲ್ಲಿ ದೊರೆಯುವ ಪವಿತ್ರ ಹನಿಗಳಿಂದ ಗಾಯ ಮಾಗಿಸುವ ಔಷಧದ ಗುಣ ಹೆಚ್ಚುತ್ತದೆ. ಹೊಂಬಣ್ಣದ ಎಳೆಯ ಮರಗಳ ಬುಡದಲ್ಲಿ ಸಿಗುವ ಬೀಜಗಳಿಂದ ಔಷಧವನ್ನು ಕುಡಿಯಬಹುದಾದ ಸಲಗಳು ಹೆಚ್ಚುತ್ತವೆ. ಲಿಮ್‌ಗ್ರೇವಿನ ಗಣಿಯಲ್ಲಿ ಸಾಣೆಗೆ ಬೇಕಾದ ಕಲ್ಲುಗಳಿವೆ. ಅವನ್ನು ತಂದು ಎಲೆ ಎಂಬ ಇಗರ್ಜಿಯ ಅಡಿಗಲ್ಲಿನ ಮೇಲೆ ಕತ್ತಿಯನ್ನು ಮೂರು ಮೆಟ್ಟಿಲು ಹದಗೊಳಿಸಬಹುದು. ಗುಹೆಯೊಂದರಲ್ಲಿ ಕುಳಿತ ಪ್ಯಾಚಸ್ ಎಂಬ ಕುಟಿಲ ವ್ಯಾಪಾರಿ 5,000 ರೂನ್‌ಗಳಿಗೆ ಒಂದು ಸಂಕೋಲೆಯನ್ನು ಮಾರುತ್ತಾನೆ; ಅದು ಕಾಳಗದ ಮೊದಲ ಘಟ್ಟದಲ್ಲಿ ಮಾರ್ಗಿಟ್‌ನನ್ನು ಎರಡು ಬಾರಿ ಕ್ಷಣಕಾಲ ನೆಲಕ್ಕೆ ಬಿಗಿಯಬಲ್ಲುದು.

ಬಲವನ್ನು ಎಲ್ಲಿ ತುಂಬಿಕೊಳ್ಳಬೇಕೆಂಬುದರಲ್ಲಿಯೂ ವಿವೇಕ ಬೇಕು. ಹೊಸಬರು ಗಳಿಸಿದ್ದೆಲ್ಲವನ್ನೂ ಹೊಡೆತದ ಶಕ್ತಿಗೆ ಸುರಿಯುತ್ತಾರೆ, ಪ್ರಾಣಶಕ್ತಿಗೆ ಏನೂ ಉಳಿಸುವುದಿಲ್ಲ. ಕಣ್ಣಿಗೆ ಗಂಭೀರವಾಗಿ ಕಾಣುತ್ತದೆಂದು ಭಾರವಾದ ಕವಚವನ್ನೂ ತೊಡುತ್ತಾರೆ. ಹೊರಬಹುದಾದ ಭಾರದಲ್ಲಿ 70 ಶೇಕಡವನ್ನು ಮೀರಿದರೆ ಪಾತ್ರವು ಪೆಟ್ಟಿನಿಂದ ಚುರುಕಾಗಿ ಉರುಳಿ ಪಾರಾಗಲಾರದು, ಮೂಟೆಯಂತೆ ಹೊರಳುತ್ತದೆ. ನನ್ನನ್ನು ಕೇಳಿದರೆ ಪ್ರಾಣಶಕ್ತಿಗೇ ಮೊದಲ ಸ್ಥಾನ. ಅದು ಗೆಲುವನ್ನು ತಂದುಕೊಡುತ್ತದೆಂದಲ್ಲ. ಇನ್ನೊಂದು ಪೆಟ್ಟನ್ನು ತಾಳಿಕೊಂಡು ನಿಂತವನು ವೈರಿಯ ಇನ್ನೊಂದು ವರಸೆಯನ್ನು ನೋಡಿ ಕಲಿಯುತ್ತಾನೆ ಎಂದು.

ಇಷ್ಟೆಲ್ಲವೂ ಶಸ್ತ್ರದ ಸಿದ್ಧತೆಯಾಯಿತು. ಇದರಿಂದಲೇ ಗೆಲುವು ನಿಶ್ಚಯವೆ? ಮಹಾಭಾರತದಲ್ಲಿ ದುರ್ಯೋಧನನು ಕಬ್ಬಿಣದ ಭೀಮನನ್ನು ಮಾಡಿಸಿ, ಹದಿಮೂರು ವರ್ಷಕಾಲ ಅದರ ಮೇಲೆ ಗದೆಯ ಅಭ್ಯಾಸ ಮಾಡಿದನೆಂದು ಕೃಷ್ಣನೇ ಹೇಳುವ ಸಂದರ್ಭವೊಂದಿದೆ. ಆ ಅಭ್ಯಾಸ ವ್ಯರ್ಥವಾಗಲಿಲ್ಲ. ಗದೆಯ ಕೌಶಲದಲ್ಲಿ ಅವನು ಭೀಮನಿಗೂ ಮಿಗಿಲಾದನು. ಆದರೆ ಕಬ್ಬಿಣದ ಭೀಮನು ಒಂದು ದಿನವೂ ತಿರುಗಿ ಹೊಡೆದವನಲ್ಲ, ನಿಯಮ ಮೀರಿ ತೊಡೆಗೆ ಗುರಿಯಿಟ್ಟವನೂ ಅಲ್ಲ. ವೈರಿಯ ವಿಗ್ರಹದಿಂದ ಕಲಿಯಬಹುದಾದುದನ್ನೆಲ್ಲ ದುರ್ಯೋಧನ ಕಲಿತಿದ್ದ. ವೈರಿಯಿಂದಲೇ ಕಲಿಯಬೇಕಾದುದು ಉಳಿದುಹೋಗಿತ್ತು. ಅವನಿಗೆ ಎರಡನೆಯ ಅವಕಾಶವೂ ಇರಲಿಲ್ಲ. ಆಟದಲ್ಲಿ ಅದಿದೆ. ಆಟವನ್ನು ಆಟವೆನ್ನುವುದು ಅದಕ್ಕಾಗಿಯೇ.

ಮಾರ್ಗಿಟ್ ಕಲಿಸುವ ಪಾಠವೇನು? ಅವನು ದೊಣ್ಣೆಯನ್ನು ತಲೆಯ ಮೇಲಕ್ಕೆತ್ತುತ್ತಾನೆ. ಎತ್ತಿದ ಕೈ ಒಡನೆಯೇ ಇಳಿಯುವುದು ಲೋಕರೂಢಿ. ಅವನ ಕೈ ಇಳಿಯುವುದಿಲ್ಲ; ಅಲ್ಲಿಯೇ ತಡೆದು ನಿಲ್ಲುತ್ತದೆ. ಹೊಸಬನು ಕೈ ಎದ್ದುದನ್ನು ಕಂಡು ಬೆದರಿ ಉರುಳುತ್ತಾನೆ. ಉರುಳುವಾಗ ಕ್ಷಣದ ಒಂದಂಶ ಮಾತ್ರ ಯಾವ ಪೆಟ್ಟೂ ತಗಲುವುದಿಲ್ಲ. ಆ ಅಂಶ ಕಳೆದು, ಅವನು ಎದ್ದು ನಿಲ್ಲುವಷ್ಟರಲ್ಲಿ ದೊಣ್ಣೆ ಸರಿಯಾಗಿ ನೆತ್ತಿಯ ಮೇಲೆ ಇಳಿಯುತ್ತದೆ. ವೈರಿಯ ದೊಣ್ಣೆಗಿಂತ ತನ್ನ ಭಯವೇ ಅವನನ್ನು ಕೊಂದದ್ದು. ಕೈ ಏರುವುದನ್ನು ಲಕ್ಷಿಸದೆ ಇಳಿಯುವುದನ್ನೇ ನೋಡಬೇಕು ಎಂಬುದು ಹೇಳಲು ಒಂದು ವಾಕ್ಯ. ಮೈಗೆ ಅದನ್ನು ತಿಳಿಸಲು ಇಪ್ಪತ್ತು ಸಾವುಗಳಾದರೂ ಬೇಕು. ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ಅನೇಕ ಪೆಟ್ಟುಗಳಿಂದ ಪಾರಾಗಲು ಹಿಂದಕ್ಕೆ ಹಾರುವುದಕ್ಕಿಂತ ಅವನ ಮಗ್ಗುಲಿಗೇ ನುಗ್ಗುವುದು ಮೇಲು. ದೂರ ಸರಿದವನನ್ನು ದೊಣ್ಣೆಯ ತುದಿ ಹುಡುಕಿಕೊಂಡು ಬರುತ್ತದೆ.

ಔಷಧ ಕುಡಿಯುವುದಕ್ಕೂ ಸಮಯವುಂಟು. ಗಾಯವಾದ ಕೂಡಲೇ ಸೀಸೆಯನ್ನೆತ್ತಿದರೆ ಅವನು ಅದನ್ನು ಗಮನಿಸಿದವನಂತೆ ಬೆಳಕಿನ ಕಠಾರಿಯನ್ನು ಎಸೆಯುತ್ತಾನೆ. ನಮಗೆ ಯಾವಾಗ ಬೇಕೋ ಆಗಲ್ಲ, ಅವನಿಗೆ ಯಾವಾಗ ಬಿಡುವಿಲ್ಲವೋ ಆಗ ಕುಡಿಯಬೇಕು. ಎಂದರೆ ಅವನ ದೊಡ್ಡ ವರಸೆಯೊಂದು ಬರಿದಾಗಿ ನೆಲಕ್ಕೆ ಬಡಿದ ಮರುಗಳಿಗೆಯಲ್ಲಿ. ಅವನ ಶಕ್ತಿ ಒಂದಿಷ್ಟು ಕುಂದಿದ ಮೇಲೆ ಬೆಳಕಿನಿಂದಲೇ ಒಂದು ದೊಡ್ಡ ಸುತ್ತಿಗೆಯನ್ನು ಸೃಷ್ಟಿಸಿಕೊಂಡು ಮೇಲಕ್ಕೆ ನೆಗೆಯುತ್ತಾನೆ. ಅಲ್ಲಿಯವರೆಗೆ ಕಲಿತದ್ದಕ್ಕೆ ಹೊಸದೊಂದು ಅಧ್ಯಾಯ ಸೇರಿಕೊಳ್ಳುತ್ತದೆ.

ಹೀಗೆ ಕಲಿಯುವವನು ಪ್ರತಿಯೊಂದು ಸೋಲಿಗೂ ಕಾರಣವನ್ನು ಹೆಸರಿಟ್ಟು ಕರೆಯಬಲ್ಲವನಾಗಿರಬೇಕು. 'ಆಟವೇ ಅನ್ಯಾಯದ್ದು' ಎಂಬುದು ಕಾರಣವಲ್ಲ. 'ಬೇಗ ಉರುಳಿದೆ', 'ಹತ್ತಿರ ನಿಂತು ಕುಡಿದೆ' ಇವು ಕಾರಣಗಳು. ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವ ಕಾರಣವೆಂದರೆ ಆಸೆ. ಬಿಡುವಿನಲ್ಲಿ ಎರಡು ಏಟು ಹಾಕಬಹುದು. ಮೂರನೆಯದಕ್ಕೆ ಕೈ ಚಾಚಿದವನು ಸಾಯುತ್ತಾನೆ. ವೈರಿಯ ಪ್ರಾಣ ಕೂದಲೆಳೆಯಷ್ಟು ಉಳಿದಿರುವಾಗ ಈ ಆಸೆ ಮಿತಿಮೀರುತ್ತದೆ; ಎಷ್ಟೋ ಹೋರಾಟಗಳು ಮುರಿದುಬೀಳುವುದು ಅಲ್ಲಿಯೇ. ಇಂಥ ಆಟಗಳನ್ನು ರಚಿಸಿದ ಮಿಯಾಜಾಕಿಯವರು 2022ರಲ್ಲಿ ಸಂದರ್ಶನವೊಂದರಲ್ಲಿ ಮಾತನಾಡುತ್ತ, ತಾವೇನೂ ನಿಪುಣ ಆಟಗಾರರಲ್ಲ, ತಾವೂ ಬಹಳ ಸಲ ಸಾಯುತ್ತೇವೆ ಎಂದು ತಿಳಿಸಿದರು. ನನಗೆ ಈ ಮಾತು ಬಹಳ ಹಿಡಿಸಿತು.

ಇನ್ನು ನೆರವಿನ ವಿಷಯ. ಗುಡಿಸಲೊಂದರಲ್ಲಿ ಅಳುಕುತ್ತ ಕುಳಿತಿರುವ ಹುಡುಗಿಯೊಬ್ಬಳು ಲೋಳೆಮೀನಿನ ಆತ್ಮವೊಂದನ್ನು ಕೊಡುತ್ತಾಳೆ. ಕಾಳಗದಲ್ಲಿ ಅದನ್ನು ಕರೆಯಬಹುದು. ಕೋಟೆಯ ಬಾಗಿಲಿನಲ್ಲಿಯೇ ರೋಜಿಯರ್ ಎಂಬ ಮಾಂತ್ರಿಕನನ್ನು ಸಹಾಯಕ್ಕೆ ಬರಮಾಡಿಕೊಳ್ಳಬಹುದು. ಹೀಗೆ ನೆರವು ಪಡೆದು ಗೆದ್ದವರನ್ನು 'ಅದು ಗೆಲುವೇ ಅಲ್ಲ' ಎಂದು ಜರೆಯುವ ಆಟಗಾರರು ಬಹಳ ಮಂದಿ. ನಾನು ಅವರ ಪಕ್ಷದವನಲ್ಲ. ಆಟವನ್ನು ರಚಿಸಿದವರೇ ದಾರಿಯಲ್ಲಿ ಇಟ್ಟ ಊರುಗೋಲನ್ನು ಹಿಡಿದವನು ಯಾರ ಸೊತ್ತನ್ನು ಕದ್ದ? ಕುಂಟುವವನನ್ನು ಕಂಡು ನಗುವವರು ಸಾಮಾನ್ಯವಾಗಿ ತಾವು ದಾಟಿದ ಬೆಟ್ಟದ ಎತ್ತರವನ್ನು ಇತರರಿಂದ ಅಳೆಯಿಸಿಕೊಳ್ಳುವ ಆತುರದಲ್ಲಿರುತ್ತಾರೆ.

ಇದಕ್ಕೆ ಒಂದು ಒಳ್ಳೆಯ ಉತ್ತರ 2022ರಲ್ಲಿಯೇ ದೊರಕಿತು. ಈ ಆಟದಲ್ಲಿ ಮಾರ್ಗಿಟ್‌ಗಿಂತ ಎಷ್ಟೋ ಪಾಲು ಕಠಿಣಳಾದ ಮಲೇನಿಯಾ ಎಂಬ ವೀರಾಂಗನೆ ಇದ್ದಾಳೆ. ಅವಳ ಏಟು ತಗಲಿದಷ್ಟು ಸಲವೂ ಅವಳ ಗಾಯ ತಾನೇ ಮಾಗುತ್ತದೆ. ಅವಳೆದುರು ಕಂಗೆಟ್ಟವರ ಕರೆಗೆ ಓಗೊಟ್ಟು, 'ಲೆಟ್ ಮಿ ಸೋಲೋ ಹರ್' ಎಂಬ ಹೆಸರಿನ ಒಬ್ಬ ಆಟಗಾರ ಅಂತರಜಾಲದ ಮೂಲಕ ಬರುತ್ತಿದ್ದ. ಮೈಮೇಲೆ ಕವಚವಿಲ್ಲ, ತಲೆಯ ಮೇಲೊಂದು ಮಡಕೆ, ಎರಡು ಕೈಯಲ್ಲಿ ಎರಡು ಕತ್ತಿ! ಕರೆದವರನ್ನು ಪಕ್ಕಕ್ಕೆ ನಿಲ್ಲಿಸಿ ತಾನೊಬ್ಬನೇ ಹೋರಾಡುತ್ತಿದ್ದ. ಹೀಗೆ ಸಾವಿರಕ್ಕೂ ಹೆಚ್ಚು ಬಾರಿ ಅವಳನ್ನು ಸೋಲಿಸಿದ. ಆಟದ ಪ್ರಕಾಶಕರಾದ ಬಂಡಾಯ್ ನಾಮ್ಕೊ ಸಂಸ್ಥೆಯವರು ಅದೇ ವರ್ಷ ಅವನಿಗೆ ನಿಜವಾದ ಖಡ್ಗವೊಂದನ್ನು ಕಾಣಿಕೆಯಾಗಿ ಕಳುಹಿಸಿದರು. ವೈರಿಯನ್ನು ಪೂರ್ತಿ ಕಲಿತವನಿಗೆ ಕವಚವೂ ಬೇಡವಾಯಿತು. ಆ ವಿದ್ಯೆಯನ್ನು ಅವನು ಸೋತವರನ್ನು ನೋಡಿ ನಗಲು ಬಳಸಲಿಲ್ಲ, ಅವರ ಪಕ್ಕದಲ್ಲಿ ನಿಲ್ಲಲು ಬಳಸಿದ.

ಸಿದ್ಧತೆ ಅತಿಯಾಗುವುದೂ ಉಂಟು. ಸ್ಟಾರ್ಮ್‌ವೇಲ್ ಕೋಟೆಯ ಮಗ್ಗುಲಲ್ಲಿ ಬಂಡೆಯಂಚಿನ ಸಣ್ಣ ಹಾದಿಯೊಂದಿದೆ. ಕೋಟೆಯನ್ನು ಹೊಗದೆಯೇ ಆಚೆಯ ಸೀಮೆಗೆ ದಾಟಿಹೋಗಿ, ಬೇಕಾದಷ್ಟು ಬಲ ತುಂಬಿಕೊಂಡು ಮರಳಬಹುದು. ಹಾಗೆ ಮರಳಿದವನ ಮುಂದೆ ಮಾರ್ಗಿಟ್ ಕೆಲವೇ ಏಟುಗಳಲ್ಲಿ ಉರುಳುತ್ತಾನೆ. ಬೆಳಕಿನ ಸುತ್ತಿಗೆಯನ್ನು ನೆಟ್ಟಗೆ ಬೀಸಲೂ ಅವನಿಗೆ ಬಿಡುವಿರುವುದಿಲ್ಲ. ಇದು ತಪ್ಪೆಂದು ನಾನು ಹೇಳಲಾರೆ. ಆದರೆ ಅಂಥವನು ಬಾಗಿಲನ್ನು ದಾಟಿದನೇ ಹೊರತು ಬಾಗಿಲು ಕಾಯುವವನನ್ನು ಸಂಧಿಸಲಿಲ್ಲ. ಇನ್ನೊಂದು ತುದಿಯಲ್ಲಿ, ಊಟ ನಿದ್ರೆ ಬಿಟ್ಟು ಬೆಳಗಿನ ಜಾವದವರೆಗೂ ತಲೆ ಚಚ್ಚಿಕೊಳ್ಳುವವರಿದ್ದಾರೆ. ಕೋಪ ಬಂದಾಗ ಕೈ ಆತುರಪಡುತ್ತದೆ. ಆತುರವನ್ನೇ ಕಾದು ಕುಳಿತಿರುವ ವೈರಿಗೆ ಇದಕ್ಕಿಂತ ಒಳ್ಳೆಯ ಔತಣ ಬೇರೆ ಯಾವುದು? ರಾತ್ರಿಯೆಲ್ಲ ಆಗದುದು ಮರುದಿನ ಮೊದಲ ಪ್ರಯತ್ನಕ್ಕೇ ಆಯಿತೆಂದು ಹೇಳುವ ಆಟಗಾರರು ವಿರಳವಲ್ಲ.

ಮಾರ್ಗಿಟ್ ಸೋತ ಮೇಲೆ ಕೋಟೆಯ ಬಾಗಿಲು ತೆರೆಯುತ್ತದೆ, ಆಟ ಮುಂದೆ ಸಾಗುತ್ತದೆ. ಎಷ್ಟೋ ದಿನಗಳು ಕಳೆದು, ಎಷ್ಟೋ ಸೀಮೆಗಳನ್ನು ದಾಟಿ, ಆಡುವವನು ಲೇಂಡೆಲ್ ಎಂಬ ರಾಜಧಾನಿಯ ಸಿಂಹಾಸನದ ಬಳಿಗೆ ಬರುತ್ತಾನೆ. ಅಲ್ಲಿ ಅವನನ್ನು ತಡೆಯುವ ರಾಜನ ಹೆಸರು ಮಾರ್ಗಾಟ್. ಕೋಟೆಯ ಬಾಗಿಲಲ್ಲಿ ಕಾದಿದ್ದವನೂ ಇವನೇ, ವೇಷ ಮಾತ್ರ ಬೇರೆಯಾಗಿತ್ತು ಎಂಬುದು ಆಗ ತಿಳಿಯುತ್ತದೆ. ಬಲ ಹಲವು ಪಟ್ಟು ಹೆಚ್ಚಿದೆ. ಆದರೆ ಅದೇ ಬೆಳಕಿನ ಕಠಾರಿ, ಅದೇ ಬೆಳಕಿನ ಸುತ್ತಿಗೆ. ರಾಜನು ಕೈಯನ್ನು ಮೇಲಕ್ಕೆತ್ತಿ, ತಡೆದು ನಿಲ್ಲುತ್ತಾನೆ. ಬಾಗಿಲಲ್ಲಿ ಇಪ್ಪತ್ತು ಸಲ ಬಿದ್ದವನು ಈಗ ಉರುಳುವುದಿಲ್ಲ, ಕೈ ಇಳಿಯಲೆಂದು ಕಾಯುತ್ತಾನೆ.