ಯಂತ್ರವಿದ್ಯೆ: ಕೊಳ್ಳುವುದೋ, ಬೆಳೆಯಿಸುವುದೋ?

ಬೆಳಗಾವಿಯ ಉದ್ಯಮಬಾಗದ ಚಿಕ್ಕ ಕಾರಖಾನೆಗಳಿಗೆ ಇಂದು ಒದಗಿರುವ ಪ್ರಶ್ನೆಯು ಹಳೆಯದೇ: ಯಂತ್ರವಿದ್ಯೆಯನ್ನು ಕೊಳ್ಳಬೇಕೋ, ತಾವೇ ಬೆಳೆಯಿಸಬೇಕೋ?

ನಮ್ಮ ಮಮದಾಪುರದ ಸೀಮೆಯ ಗೋಕಾಕ ಗಿರಣಿಯು 1887ರಲ್ಲಿ ಪರದೇಶದ ಯಂತ್ರಗಳಿಂದ ಆರಂಭವಾಯಿತು. ಹೇರಳ ಬಂಡವಾಳವುಳ್ಳವರಿಗೆ ಅದು ಸಲ್ಲುವ ಮಾರ್ಗವು. ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1903ರಲ್ಲಿ ಬೆಳಗಾವಿಯಲ್ಲಿಯೇ ಕಬ್ಬಿಣದ ನೇಗಿಲನ್ನು ನಿರ್ಮಿಸಿದರು. ಕಬ್ಬಿಣವು ನೆಲವನ್ನು ಕೆಡಿಸುವುದೆಂದು ರೈತರು ಅಂಜಿದ್ದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಸ್ವಂತ ನಿರ್ಮಾಣಕ್ಕೆ ತೆರಬೇಕಾದ ಬೆಲೆಯೇ ಇಂಥ ಕಾಯುವಿಕೆಯು. ಅದರ ಫಲವಾದ ವಿದ್ಯೆಯಾದರೋ ಅವರ ಕೈಯಲ್ಲಿಯೇ ಉಳಿದು ಬೆಳೆಯಿತು.

ಆದುದರಿಂದ ಎಲ್ಲರಿಗೂ ದೊರೆಯುವ ಯಂತ್ರವನ್ನು ಕೊಳ್ಳುವುದು ಲೇಸು. ಗಿರಾಕಿಯು ಯಾವ ಕೌಶಲ್ಯವನ್ನು ಹುಡುಕಿಕೊಂಡು ಬರುವನೋ ಅದನ್ನು ಮಾತ್ರ ತಾವೇ ಬೆಳೆಯಿಸತಕ್ಕದ್ದು. ಕೊಂಡ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲ ಒಬ್ಬ ತರುಣನನ್ನಾದರೂ ಸಿದ್ಧಗೊಳಿಸದಿದ್ದರೆ, ಯಂತ್ರದೊಡನೆ ಪರಾಧೀನತೆಯನ್ನೂ ಕೊಂಡಂತಾಗುವುದೆಂದು ನಮ್ಮ ದೃಢವಾದ ಅಭಿಪ್ರಾಯವು.