ಕಾಡು ಬೆಗೋನಿಯವೂ ನಾಮಕರಣದ ಆತುರವೂ

ಕನ್ನಡದಲ್ಲಿ ಸಸ್ಯಶಾಸ್ತ್ರವನ್ನು ಬರೆಯಬೇಕೆಂಬ ಉತ್ಸಾಹವು ಸ್ತುತ್ಯವಾದುದು. ಆದರೆ ಆ ಉತ್ಸಾಹದ ಬೆನ್ನಿಗೆ ಒಂದು ವ್ಯಾಧಿಯೂ ಹಬ್ಬಿಕೊಂಡಿದೆ. ಗಿಡವನ್ನು ಕಣ್ಣಿನಿಂದ ಕಾಣುವ ಮೊದಲೇ ಅದಕ್ಕೊಂದು ಸಂಸ್ಕೃತ ಸಮಾಸವನ್ನು ಹೊಸೆದು ತೊಡಿಸುವುದೇ ಈ ವ್ಯಾಧಿಯ ಲಕ್ಷಣ. ಮೇಜಿನ ಮೇಲೆ ಅಮರಕೋಶ, ಕೈಯಲ್ಲಿ ಲೇಖನಿ. ಗಿಡವೋ ಹತ್ತು ಹರದಾರಿ ಆಚೆಯ ಕಾಡಿನ ತೊರೆಯಲ್ಲಿ! ಸಹ್ಯಾದ್ರಿಯ ಕಾಡು ಬೆಗೋನಿಯವು ಇದಕ್ಕೆ ಸಾಕಾದಷ್ಟು ನಿದರ್ಶನವಾಗಿದೆ.

ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಹೇಳತಕ್ಕದ್ದು. 'ಬೆಗೋನಿಯ' ಎಂಬುದು ಪರದೇಶದ ಅಧಿಕಾರಿಯೊಬ್ಬನ ಹೆಸರು. ಅದು ಗಿಡದ ಯಾವ ಗುಣವನ್ನೂ ತಿಳಿಸದು. ಆದುದರಿಂದ ಓರೆಯಾದ ಎಲೆಯನ್ನು ನೋಡಿ 'ವಕ್ರಪರ್ಣಿ'ಯೆಂದೋ, ಹುಳಿಯಾದ ಕಾಂಡವನ್ನು ನೋಡಿ 'ಅಮ್ಲಕಾಂಡೆ'ಯೆಂದೋ ಕರೆದರೆ ಭಾಷೆಯೂ ಬೆಳೆಯುವುದು, ಅಭಿಮಾನವೂ ಉಳಿಯುವುದು. ಇದು ಆ ಪಕ್ಷದವರ ವಾದ.

ಈ ವಾದದಲ್ಲಿ ಅರ್ಧ ಸತ್ಯವುಂಟು. ಮಿಶೆಲ್ ಬೆಗೋನನು ಫ್ರಾನ್ಸಿನ ಅರಸನ ಅಧಿಕಾರಿಯಾಗಿ ವೆಸ್ಟ್ ಇಂಡೀಸಿನ ದ್ವೀಪಗಳಲ್ಲಿದ್ದವನು. ಆ ದ್ವೀಪಗಳಲ್ಲಿ ಗಿಡಗಳನ್ನು ಶೋಧಿಸಿದ ಶಾರ್ಲ್ ಪ್ಲುಮಿಯೆ ಎಂಬ ಸಂನ್ಯಾಸಿಯು ಉಪಕಾರಸ್ಮರಣೆಗಾಗಿ ಒಂದು ಸಸ್ಯಕುಲಕ್ಕೆ ಅವನ ಹೆಸರನ್ನಿಟ್ಟನು. ೧೭೦೦ರಲ್ಲಿ ಗ್ರಂಥಸ್ಥವಾದ ಆ ಹೆಸರನ್ನು ಲಿನ್ನೇಯಸನು ೧೭೫೩ರಲ್ಲಿ ಅಂಗೀಕರಿಸಿದನು. ಸಹ್ಯಾದ್ರಿಯ ಗಿಡಕ್ಕೂ ಬೆಗೋನನಿಗೂ ಯಾವ ಸಂಬಂಧವೂ ಇಲ್ಲವೆಂಬುದು ದಿಟ.

ಆದರೆ ಉಳಿದ ಅರ್ಧವನ್ನೂ ಕೇಳತಕ್ಕದ್ದು. ಬೆಗೋನಿಯ ಎಂಬ ಹೆಸರು ಹುಟ್ಟುವುದಕ್ಕೆ ಮೊದಲೇ ಈ ಗಿಡವು ತನ್ನ ನೆಲದ ಹೆಸರಿನೊಡನೆ ಅಚ್ಚಿನ ಮುಖವನ್ನು ಕಂಡಿತ್ತು. ಕೊಚ್ಚಿಯಲ್ಲಿ ಅಧಿಕಾರಿಯಾಗಿದ್ದ ಡಚ್ಚರ ವಾನ್ ರೀಡನು ಸಿದ್ಧಪಡಿಸಿದ ಹನ್ನೆರಡು ಸಂಪುಟಗಳ 'ಹೋರ್ಟಸ್ ಮಲಬಾರಿಕಸ್' ೧೬೭೮ರಿಂದ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದಕ್ಕೆ ನೆರವಾದವರು ಇಟ್ಟಿ ಅಚ್ಯುತನ್ ಎಂಬ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ. ೧೬೮೯ರ ಒಂಬತ್ತನೆಯ ಸಂಪುಟದಲ್ಲಿ ಈ ಗಿಡದ ಚಿತ್ರವಿದೆ. ಜೊತೆಗೆ 'ಚೆರಿಯ ನರಿನಂಪುಳಿ' ಎಂಬ ಮಲೆಯಾಳದ ಹೆಸರಿದೆ. ೧೭೮೫ರಲ್ಲಿ ಲಾಮಾರ್ಕನು ಇದನ್ನು 'ಬೆಗೋನಿಯ ಮಲಬಾರಿಕ' ಎಂದು ಕರೆದಾಗ ಅವನಿಗೆ ಆಧಾರವಾದುದು ಆ ಗ್ರಂಥವೇ. ಆ ಮಲೆಯಾಳದ 'ಪುಳಿ' ಎಂಬುದು ಹಳಗನ್ನಡದ ಪುಳಿಯೇ, ಇಂದಿನ ಹುಳಿಯೇ. 'ಚೆರಿಯ'ವು ಕನ್ನಡದ 'ಕಿರಿಯ'ಕ್ಕೆ ಒಡಹುಟ್ಟು. ಕಾಡಿನ ಜನರು ಕಾಂಡವನ್ನು ಅಗಿದು, ರುಚಿಯನ್ನರಿತು ಇಟ್ಟ ಹೆಸರದು. ಹೀಗೆ ಮನೆಯ ಹಿತ್ತಿಲಲ್ಲೇ ದಾಯಾದಿ ಶಬ್ದವು ಜೀವಂತವಾಗಿರುವಾಗ ಸಮಾಸವನ್ನು ಹೊಸೆಯುವ ಅವಸರವೇನು?

ಸಂಸ್ಕೃತದ ಹೆಸರಿನಲ್ಲಿ ನಡೆಯುವ ಈ ಕೆಲಸವನ್ನು ಸಂಸ್ಕೃತಶಾಸ್ತ್ರವೇ ಒಪ್ಪುವುದಿಲ್ಲ. ಯೌಗಿಕ, ರೂಢ, ಯೋಗರೂಢ ಎಂಬ ಶಬ್ದಭೇದವನ್ನು ಪಾಠಶಾಲೆಯ ಎಳೆಯ ವಿದ್ಯಾರ್ಥಿಯೂ ಬಲ್ಲನು. ಕೆಸರಿನಲ್ಲಿ ಹುಟ್ಟುವ ವಸ್ತುಗಳು ಅನೇಕ, 'ಪಂಕಜ'ವೆಂದರೆ ತಾವರೆಯೊಂದೇ. ತಾವರೆಗೆ ಆ ಪದವನ್ನು ಉಳಿಸಿಕೊಟ್ಟುದು ಪ್ರಕೃತಿಪ್ರತ್ಯಯಗಳಲ್ಲ, ತಲೆತಲಾಂತರದ ಬಳಕೆ. 'ವಕ್ರಪರ್ಣಿ'ಗೆ ಯೋಗವುಂಟು, ರೂಢಿ ಎಲ್ಲಿ? ಅಲ್ಲದೆ ಆ ಯೋಗವೂ ಅತಿವ್ಯಾಪ್ತಿದೋಷದಿಂದ ಕೂಡಿದೆ. ಬೆಗೋನಿಯ ಕುಲದಲ್ಲಿ ೨,೦೦೦ಕ್ಕೂ ಹೆಚ್ಚು ಜಾತಿಗಳಿವೆ. ಓರೆ ಎಲೆಯು ಅವುಗಳಿಗೆ ಬಹುಮಟ್ಟಿಗೆ ಸಾಮಾನ್ಯ. ಅಂಗಳದ ಬೇವಿನ ಎಲೆಗಳ ಬುಡವೂ ಓರೆಯೇ. ಹಾಗೆಂದು ಬೇವು ವಕ್ರಪರ್ಣಿಯಾದೀತೇ? ಇನ್ನು ಹುಳಿಯ ಮಾತೆಂದರೆ, ಹುಣಸೆಯೂ ಹುಳಿ, ಚಾಂಗೇರಿಯೂ ಹುಳಿ. ಹುಳಿಯೆಂಬ ಒಂದೇ ಕಾರಣಕ್ಕೆ ನಿಘಂಟುಗಳ ಯಾವುದೋ ಮೂಲಿಕೆಯನ್ನು ಈ ಗಿಡಕ್ಕೆ ಗಂಟುಹಾಕುವುದಂತೂ ಅಪಾಯಕರ. ಈ ಕುಲದ ಹುಳಿಗೆ ಕಾರಣವಾದ ಆಕ್ಸಾಲಿಕ್ ಆಮ್ಲವು ಮಿತಿಮೀರಿದರೆ ಮೂತ್ರಪಿಂಡಗಳಿಗೆ ಹಾನಿ ಮಾಡತಕ್ಕದ್ದು.

ಹೆಸರಿನ ಗದ್ದಲದಲ್ಲಿ ಗಿಡವೇ ಮರೆಯಾಗಿರುವುದು ಇನ್ನೂ ಶೋಚನೀಯ. ನೆರಳಿನಲ್ಲಿ, ತೇವವಾದ ಬಂಡೆಯ ಮಗ್ಗುಲಲ್ಲಿ ಇದು ರಸಭರಿತವಾದ ಕಾಂಡದಿಂದ ಎದ್ದು ನಿಲ್ಲುತ್ತದೆ. ಎಲೆಯ ನಡುನರದ ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಕಿರಿದು, ಅಂಚಿನಲ್ಲಿ ಹಲ್ಲುಗಳು. ಹೂವು ನಸುಗೆಂಪು. ಒಂದೇ ಗಿಡದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಹೂವಿನ ನಡುವೆ ಹಳದಿಯ ಕೇಸರಗಳ ಗೊಂಚಲು. ಹೆಣ್ಣು ಹೂವಿನ ಕೆಳಗೆ ಮೂರು ರೆಕ್ಕೆಗಳುಳ್ಳ ಅಂಡಾಶಯ, ಮೇಲೆ ತಿರುಚಿಕೊಂಡ ಹಳದಿಯ ಶಲಾಕಾಗ್ರಗಳು. ಈ ಕುಲದ ಅನೇಕ ಜಾತಿಗಳಲ್ಲಿ ಹೆಣ್ಣು ಹೂವಿನಲ್ಲಿ ಮಧುವಿಲ್ಲ, ಪರಾಗವೂ ಇಲ್ಲ. ಆದರೂ ದುಂಬಿಯು ಅಲ್ಲಿಗೆ ಬರುತ್ತದೆ. ಏತಕ್ಕೆಂದರೆ ಆ ಹಳದಿಯ ಶಲಾಕಾಗ್ರಗಳು ಕೇಸರಗಳಂತೆಯೇ ತೋರಿ ಅದನ್ನು ವಂಚಿಸುತ್ತವೆ. ಗಂಡು ಹೂವಿನಲ್ಲಿ ಮೈಗೆ ಮೆತ್ತಿದ ಪರಾಗವನ್ನು ಇಲ್ಲಿಟ್ಟು ಬರಿಗೈಯಲ್ಲಿ ಹಿಂದಿರುಗುವುದಷ್ಟೇ ಅದರ ಪಾಲು. ಮುಂದೆ ಕಾಯಿ ಒಣಗಿ, ಧೂಳಿನಷ್ಟು ಸಣ್ಣ ಬೀಜಗಳು ಉದುರಿ ಹರಡುತ್ತವೆ.

ಈ ಪಾಠವನ್ನು ಅರಿಯುವುದಕ್ಕೆ ಮನೆಯ ಚಪ್ಪರವೇ ಮೊದಲ ಮೆಟ್ಟಿಲು. ಕುಂಬಳದ ಬಳ್ಳಿಯಲ್ಲಿ ಯಾವ ಹೂವಿನ ಬುಡದಲ್ಲಿ ಮಿಡಿಯಿದೆ, ಯಾವುದು ಬರಿಯ ಗಂಡು ಹೂವು ಎಂಬುದನ್ನು ಮನೆಯ ಹೆಂಗಸರು ಶಾಸ್ತ್ರವನ್ನೋದದೆ ಬಲ್ಲರು. ಬೆಗೋನಿಯದ ವಂಶವನ್ನು ವಿಜ್ಞಾನಿಗಳು ಕುಂಬಳ, ಸೌತೆಗಳ ಗಣದಲ್ಲೇ ಸೇರಿಸಿರುವರು. ೧೯೯೦ರ ದಶಕದಿಂದೀಚೆಗೆ ನಡೆದ ಡಿ.ಎನ್.ಎ. ಪರೀಕ್ಷೆಗಳು ಈ ಬಾಂಧವ್ಯವನ್ನು ಸ್ಥಿರಪಡಿಸಿವೆ. 'ವಕ್ರಪರ್ಣಿ'ಯೆಂದು ಬಾಯಿಪಾಠ ಮಾಡಿದ ಹುಡುಗನಿಗೆ ಈ ನೆಂಟಸ್ತಿಕೆಯು ಹೊಳೆಯುವ ಬಗೆ ಹೇಗೆ? ಶಾಲೆಯಲ್ಲಿ ಅವನ ಕೈಗೆ ವರ್ಷವರ್ಷವೂ ಬರುವುದು ದಾಸವಾಳವೊಂದೇ. ಕೇಸರವೂ ಅಂಡಾಶಯವೂ ಒಂದೇ ಹೂವಿನಲ್ಲಿರಬೇಕೆಂಬ ತಪ್ಪು ತಿಳಿವಳಿಕೆಯೊಡನೆ ಅವನು ಶಾಲೆಯಿಂದ ಹೊರಬೀಳುವನು.

ಇನ್ನೊಂದು ಪಕ್ಷವೂ ಉಂಟು. ಲ್ಯಾಟಿನ್ ಹೆಸರೊಂದಿದ್ದರೆ ಸಾಕು, ಹಳ್ಳಿಗರ ಮಾತಿನಿಂದ ಶಾಸ್ತ್ರಕ್ಕೇನು ಪ್ರಯೋಜನವೆಂದು ಇವರು ಕೇಳುವರು. ನಾನಾ ದೇಶದ ವಿದ್ವಾಂಸರು ಒಂದೇ ಗಿಡವನ್ನು ಕುರಿತು ಮಾತನಾಡುತ್ತಿರುವರೆಂಬ ನಿಶ್ಚಯಕ್ಕೆ ಲ್ಯಾಟಿನ್ ಹೆಸರು ಬೇಕೇ ಬೇಕು. ಅದನ್ನು ಕಿತ್ತುಹಾಕುವ ಮಾತು ಅವಿವೇಕ. ಆದರೆ ನೆಲದ ಹೆಸರನ್ನು ಕೇಳಿ ಬರೆದುಕೊಂಡ ಗ್ರಂಥದ ಮೇಲೆಯೇ ಆ ಲ್ಯಾಟಿನ್ ಹೆಸರು ನಿಂತಿದೆಯೆಂಬುದನ್ನು ಮರೆಯುವುದೂ ಅವಿವೇಕವೇ. ಗೊಲ್ಲರೂ ಕುರುಬರೂ ವನಚರರೂ ಓಷಧಿಗಳ ನಾಮರೂಪಗಳನ್ನು ಬಲ್ಲರೆಂದು ಚರಕಸಂಹಿತೆಯೇ ಹೇಳುತ್ತದೆ. ಬರಿಯ ನಾಮಜ್ಞಾನದಿಂದ ಓಷಧಿಯ ತತ್ತ್ವವು ತಿಳಿಯದೆಂದೂ ಅಲ್ಲಿಯೇ ಎಚ್ಚರಿಸುತ್ತದೆ. ಮೊದಲನೆಯ ಮಾತು ಲ್ಯಾಟಿನ್ ಪಕ್ಷದವರಿಗೆ ಉತ್ತರ; ಎರಡನೆಯದು ಸಮಾಸಪಕ್ಷದವರಿಗೆ.

ಇದು ಬರಿಯ ಪಂಡಿತರ ಜಗಳವೆಂದು ಯಾರೂ ಭಾವಿಸತಕ್ಕದ್ದಲ್ಲ. ಈ ಗಿಡಕ್ಕೆ ನೆರಳೂ ತೇವವೂ ಪ್ರಾಣ. ಮೇಲಿನ ಮರಗಳು ಉರುಳಿ ತೊರೆ ಬತ್ತಿದ ಕಡೆ ಅದಕ್ಕೆ ಉಳಿವಿಲ್ಲ. ಹೊಸ ತಲೆಮಾರು ಕಾಡಿನಿಂದ ದೂರವಾದಂತೆ ಹಳಬರ ನಾಲಗೆಯ ಮೇಲಿನ ಹೆಸರೂ ಅವರೊಡನೆಯೇ ಮಾಯವಾಗುವುದು. ಗಿಡವು ಹೋದರೆ ಹೊಸ ಸಮಾಸವು ಯಾರನ್ನು ಕರೆದೀತು?

ಆದುದರಿಂದ ಮಾಡತಕ್ಕ ಕೆಲಸ ಸುಲಭವಾದುದು. ಮಲೆನಾಡಿನ ಉಪಾಧ್ಯಾಯರು ಮಳೆ ಇಳಿಮುಖವಾದಾಗ ಮಕ್ಕಳನ್ನು ತೊರೆಯ ದಂಡೆಗೆ ಕರೆದುಕೊಂಡು ಹೋಗಲಿ. ಒಂದು ಕೈಯಲ್ಲಿ ಕುಂಬಳದ ಹೂವನ್ನು ಹಿಡಿದು ಕಾಡಿನ ಹೂವನ್ನು ಕೀಳದೆ ತೋರಿಸಲಿ. ಆ ಊರಿನ ಹಿರಿಯರನ್ನು ಕೇಳಿ, ಅವರು ಹೇಳಿದ ಹೆಸರನ್ನು ಹೇಳಿದಂತೆಯೇ ಊರಿನ ಹೆಸರಿನೊಡನೆ ಬರೆದಿಡಲಿ. ಪಕ್ಕದಲ್ಲಿ ಲ್ಯಾಟಿನ್ ಹೆಸರನ್ನೂ ಬರೆಯಲಿ. ಇಷ್ಟಾದ ಮೇಲೂ ಯಾರಿಗಾದರೂ ಸಂಸ್ಕೃತದ ಹೆಸರು ಬೇಕೆನಿಸಿದರೆ ಕಟ್ಟಲಿ, ಅಡ್ಡಿಯಿಲ್ಲ. ಶಿಶುವಿನ ಮುಖವನ್ನು ನೋಡಿದ ಮೇಲೆ ನಾಮಕರಣ ಮಾಡುವುದು ಈ ದೇಶದ ಸಂಪ್ರದಾಯ. ಗಿಡಕ್ಕೂ ಅಷ್ಟು ಮರ್ಯಾದೆ ಸಲ್ಲತಕ್ಕದ್ದು.