‘ಗೀದೆ’ ಎಂಬ ಕ್ರಿಯಾಪದಕ್ಕಾದ ಅನ್ಯಾಯ

ಒಂದು ಜನಾಂಗದ ಶೀಲವನ್ನು ಅದರ ನಿಘಂಟಿನ ಒಂದೇ ಪದದಿಂದ ಅಳೆಯಹೊರಡುವವರಿಗೆ ಡೇನಿಷ್ ಭಾಷೆಯ ‘ಗೀದೆ’ ಎಂಬ ಕ್ರಿಯಾಪದವು ಸುಲಭವಾದ ತುತ್ತು. ‘ಯಾಯ್ ಗೀದರ್ ಇಕ್ಕೆ’ ಎಂದರೆ ‘ಮಾಡಲು ನನಗೆ ಮನಸ್ಸಿಲ್ಲ’ ಎಂದರ್ಥ. ಆದುದರಿಂದ ಇದು ಸೋಮಾರಿಗಳ ಪದವೆಂದು ಅವರ ತೀರ್ಮಾನ. ಇದು ಅರ್ಧಜ್ಞಾನದ ಫಲವೆಂದೇ ನಮ್ಮ ವಾದ.

ಮೊದಲು ಮೂಲವನ್ನು ನೋಡೋಣ. ಪ್ರಾಚೀನ ನಾರ್ಸ್ ಭಾಷೆಯ ‘ಗೆತ’ ಎಂಬ ಕ್ರಿಯಾಪದಕ್ಕೆ ಪಡೆಯುವುದು, ಶಕ್ತನಾಗುವುದು ಎಂಬ ಅರ್ಥಗಳಿದ್ದವು. ಇಂಗ್ಲಿಷಿನ ‘ಗೆಟ್’ ಸಹ ಅಲ್ಲಿಂದಲೇ ಬಂದುದು. ಸ್ವರಾನಂತರದ ತಕಾರವು ಡೇನಿಷಿನಲ್ಲಿ ಮೃದುವಾಯಿತು; ಶಕ್ತಿಯನ್ನು ಹೇಳುತ್ತಿದ್ದ ಪದವು ಕ್ರಮೇಣ ಇಚ್ಛೆಯನ್ನು ಹೇಳತೊಡಗಿತು.

ಇಂದು ಅದು ಬಹುಮಟ್ಟಿಗೆ ನಿಷೇಧದಲ್ಲಿಯೂ ಪ್ರಶ್ನೆಯಲ್ಲಿಯೂ ಬರುವುದು ನಿಜ. ಆದರೆ ‘ತುಸು ಬಾಗಿಲು ಮುಚ್ಚುವೆಯಾ?’ ಎಂದು ಕೇಳಿಕೊಳ್ಳುವಾಗಲೂ ಡೆನ್ಮಾರ್ಕಿನವರು ಇದನ್ನೇ ಬಳಸುವರು. ‘ಹಾಗಾಗಲಿ!’ ಎಂದು ಹಾರೈಸುವ ‘ಗಿದ್’ ಎಂಬ ಪದವೂ ಮೂಲತಃ ಇದರದೇ ರೂಪ. ಕೋರಿಕೆಗೂ ಹಾರೈಕೆಗೂ ಒದಗುವ ಪದವನ್ನು ಆಲಸ್ಯಕ್ಕೆ ಕಟ್ಟಿಹಾಕುವುದು ನ್ಯಾಯವೇ?

ನಮ್ಮ ‘ಒಲ್ಲೆ’ಯೂ ಒಲವಿನ ಧಾತುವಿನ ನಿಷೇಧರೂಪವಷ್ಟೆ. ಅದನ್ನೇ ಹಿಡಿದು ಕನ್ನಡಿಗರಿಗೆ ಒಲವೇ ಇಲ್ಲವೆಂದು ಪರದೇಶದವರು ಬರೆದರೆ ನಾವು ಸುಮ್ಮನಿರುವೆವೇ? ಪದದ ಎಲ್ಲ ಪ್ರಯೋಗಗಳನ್ನೂ ನೋಡದೆ ಅದನ್ನಾಡುವವರ ಮೇಲೆ ತೀರ್ಪು ಕೊಡುವ ಅಧಿಕಾರವು ಯಾವ ವಿದ್ವಾಂಸನಿಗೂ ಇಲ್ಲ.